ಹಕ್ಕು ಮತ್ತು ಹೊಣೆ: ರಾಮನಗರ ಸೀಮೆಯಲ್ಲಿ ಆಡಳಿತಾಧಿಕಾರದ ಸ್ಥಳಾಂತರ

೧. ಪೀಠಿಕೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಹರಡಿಕೊಂಡಿರುವ ಮಾಗಡಿ, ರಾಮನಗರ, ಚನ್ನಪಟ್ಟಣ ಮತ್ತು ಕನಕಪುರಗಳ ಸೀಮೆಯು ಬಂಡೆಗಳ ನಾಡು. ಉತ್ತರದಲ್ಲಿ ಸಾವನದುರ್ಗ, ನಡುವೆ ರಾಮಗಿರಿ, ದಕ್ಷಿಣದಲ್ಲಿ ಕಾವೇರಿಯ ಕಡೆಗೆ ಇಳಿಯುವ ಕಾಡುಬೆಟ್ಟಗಳು; ಇವುಗಳ ಸಂದುಗಳಲ್ಲಿ ಹರಿಯುವ ಅರ್ಕಾವತಿ, ಕಣ್ವ, ವೃಷಭಾವತಿ ಹೊಳೆಗಳು. ಈ ಸೀಮೆಯಲ್ಲಿ ಯಾವ ಸಾಮ್ರಾಜ್ಯದ ರಾಜಧಾನಿಯೂ ನೆಲೆಸಲಿಲ್ಲ. ಆದರೆ ವಿಜಯನಗರ, ಬಿಜಾಪುರ, ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು ಇವುಗಳಲ್ಲಿ ಯಾವುದು ಪ್ರಬಲವಾದಾಗಲೂ ಅದರ ಕೈ ಈ ಸೀಮೆಯ ಮೇಲೆ ಬೀಳದೆ ಇರಲಿಲ್ಲ. ಆದಕಾರಣ ಆಳುವ ಅಧಿಕಾರವು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ, ಸರ್ಕಾರದಿಂದ ಸರ್ಕಾರೇತರರಿಗೆ, ಅವರಿಂದ ಮತ್ತೆ ಸರ್ಕಾರಕ್ಕೆ ಹೇಗೆ ಚಲಿಸುತ್ತದೆ ಎಂಬುದನ್ನು ಪರಿಶೀಲಿಸಲು ಈ ನಾಲ್ಕು ತಾಲ್ಲೂಕುಗಳು ಉತ್ತಮವಾದ ಕ್ಷೇತ್ರವಾಗಿವೆ.

ಆಡಳಿತದ ಚರಿತ್ರೆಯನ್ನು ಬರೆಯುವಾಗ ಸಾಮಾನ್ಯವಾಗಿ ಎರಡು ಕಥೆಗಳನ್ನು ಹೇಳುವ ರೂಢಿಯುಂಟು. ಪಾಳೆಯಗಾರರಿಂದ ರಾಜನಿಗೆ, ರಾಜನಿಂದ ಆಧುನಿಕ ಸರ್ಕಾರಕ್ಕೆ ಅಧಿಕಾರವು ಕ್ರಮೇಣ ಒಂದುಗೂಡಿತೆಂಬುದು ಮೊದಲನೆಯದು. ಒಂದುಗೂಡಿದ ಅಧಿಕಾರವು ಸ್ಥಳೀಯ ಸಂಸ್ಥೆಗಳ ಮೂಲಕ ಪುನಃ ಜನರ ಬಳಿಗೆ ಇಳಿದುಬಂದಿತೆಂಬುದು ಎರಡನೆಯದು. ಈ ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಅಧಿಕಾರವನ್ನು ಒಂದು ಇಡಿಯಾದ ವಸ್ತುವೆಂದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಾಗೆಯೇ ದಾಟಿಸಬಹುದಾದ ಮುದ್ರೆಯುಂಗುರವೆಂದು ಭಾವಿಸುತ್ತವೆ. ವಾಸ್ತವವಾಗಿ ಅಧಿಕಾರದಲ್ಲಿ ಎರಡು ಭಾಗಗಳಿವೆ. ತೆರಿಗೆಯನ್ನು ಎತ್ತುವುದು, ಅಪ್ಪಣೆ ಕೊಡುವುದು, ಹೆಸರಿಡುವುದು ಇವು ಹಕ್ಕಿನ ಭಾಗ. ಕೆರೆಯ ಏರಿಯನ್ನು ಕಾಯುವುದು, ತೂಕದಲ್ಲಿ ಮೋಸವಾಗದಂತೆ ನೋಡುವುದು, ಕೆಟ್ಟುದಕ್ಕೆ ಉತ್ತರ ಹೇಳುವುದು ಇವು ಹೊಣೆಯ ಭಾಗ. ಹಕ್ಕು ಬೇಗನೆ ಚಲಿಸುತ್ತದೆ. ಹೊಣೆ ನಿಧಾನವಾಗಿ ಹಿಂಬಾಲಿಸುತ್ತದೆ, ಕೆಲವೊಮ್ಮೆ ಹಿಂಬಾಲಿಸುವುದೇ ಇಲ್ಲ. ಈ ಎರಡರ ನಡುವಣ ಅಂತರವನ್ನು ರಾಮನಗರ ಸೀಮೆಯ ಚರಿತ್ರೆಯಲ್ಲಿ ಗುರುತಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಸಭೆ ಮತ್ತು ನಾಡಪ್ರಭು

ಈ ಸೀಮೆಯ ಶಾಸನಗಳಲ್ಲಿ ಬಹುಭಾಗವು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಸೇರಿವೆ. ಚನ್ನಪಟ್ಟಣಕ್ಕೆ ಸಮೀಪದ ಮಳೂರಿನ ಸುತ್ತಮುತ್ತ ದೊರೆತ ತಮಿಳು ಶಾಸನಗಳು ಚೋಳರ ಆಳ್ವಿಕೆಯ ಕುರುಹುಗಳು. ಚೋಳರ ಕಾಲದಲ್ಲಿ ಮಳೂರು ಒಂದು ಚತುರ್ವೇದಿಮಂಗಲವಾಗಿತ್ತು. ಇಂತಹ ಅಗ್ರಹಾರಗಳಲ್ಲಿ ಊರಿನ ಮಹಾಸಭೆಯು ಭೂಮಿಯ ಮಾರಾಟಕ್ಕೆ ಸಾಕ್ಷಿಯಾಗುತ್ತಿದ್ದಿತು, ದೇವಸ್ಥಾನದ ದತ್ತಿಯನ್ನು ನೋಡಿಕೊಳ್ಳುತ್ತಿದ್ದಿತು, ಕೆರೆಯ ರಕ್ಷಣೆಗೆ ಏರ್ಪಾಡು ಮಾಡುತ್ತಿದ್ದಿತು. ಈ ಸಭೆಗಳನ್ನು ಪ್ರಜಾಪ್ರಭುತ್ವದ ಮಾದರಿಗಳೆಂದು ಕೊಂಡಾಡುವುದು ಸರಿಯಲ್ಲ. ಅವುಗಳಲ್ಲಿ ಕುಳಿತುಕೊಳ್ಳುವ ಹಕ್ಕು ಬ್ರಾಹ್ಮಣ ಭೂಸ್ವಾಮಿಗಳಿಗೆ ಮಾತ್ರವಿದ್ದಿತು. ಗದ್ದೆಯಲ್ಲಿ ದುಡಿಯುವವನಿಗೆ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಒಂದು ಅಂಶ ಗಮನಾರ್ಹ. ನೀರಿನ ಫಲವನ್ನು ಉಣ್ಣುವವರೂ ನೀರಿನ ವ್ಯವಸ್ಥೆಗೆ ಹೊಣೆಯಾದವರೂ ಒಂದೇ ಊರಿನವರಾಗಿದ್ದರು.

ವಿಜಯನಗರದ ಕೊನೆಯ ದಿನಗಳಲ್ಲಿ ಈ ಸೀಮೆ ಇಬ್ಬರು ಪ್ರಭುಗಳ ನಡುವೆ ಹಂಚಿಹೋಯಿತು. ತಾಳೀಕೋಟೆಯ ಯುದ್ಧವಾದ (೧೫೬೫) ಮೇಲೆ ಪೆನುಕೊಂಡೆಗೆ ಹಿಂದೆಗೆದಿದ್ದ ರಾಯರನ್ನು ಮುಸಲ್ಮಾನ ಸುಲ್ತಾನರ ಸೈನ್ಯವು ೧೫೭೭ರಲ್ಲಿ ಮುತ್ತಿದಾಗ ಜಗದೇವರಾಯನು ಕೋಟೆಯನ್ನು ಪರಾಕ್ರಮದಿಂದ ಕಾಪಾಡಿದನು. ಅದಕ್ಕೆ ಪ್ರತಿಫಲವಾಗಿ ಬಾರಾಮಹಲಿನಿಂದ ಪಶ್ಚಿಮಕ್ಕೆ ಹಬ್ಬಿದ ವಿಸ್ತಾರವಾದ ಪ್ರದೇಶವು ಅವನಿಗೆ ದೊರೆಯಿತು. ಚನ್ನಪಟ್ಟಣವು ಅವನ ರಾಜಧಾನಿಯಾಯಿತು. ಉತ್ತರದಲ್ಲಿ ಯಲಹಂಕ ನಾಡಿನ ಪ್ರಭುಗಳು ಇದ್ದರು. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡನ ವಿಷಯವಾಗಿ ಪ್ರಚಲಿತವಾಗಿರುವ ಒಂದು ಐತಿಹ್ಯವು ನಮ್ಮ ವಿಷಯಕ್ಕೆ ಬಹಳ ಉಪಯುಕ್ತ. ಅವನು ರಾಯರ ಅಪ್ಪಣೆಯಿಲ್ಲದೆ ಭೈರವನ ಹೆಸರಿನಲ್ಲಿ ನಾಣ್ಯವನ್ನು ಟಂಕಿಸಿದ್ದರಿಂದ ಆನೆಗೊಂದಿಯಲ್ಲಿ ಸೆರೆಯಲ್ಲಿರಬೇಕಾಯಿತೆಂದೂ, ಅನಂತರ ಬಿಡುಗಡೆ ಹೊಂದಿ ತನ್ನ ಸೀಮೆಯನ್ನು ಪುನಃ ಪಡೆದನೆಂದೂ ಹೇಳುತ್ತಾರೆ. ನಾಡಪ್ರಭುವು ಕೆರೆ ಕಟ್ಟಬಹುದು, ಪೇಟೆ ಹಾಕಬಹುದು, ಕೋಟೆ ಏರಿಸಬಹುದು. ನಾಣ್ಯವನ್ನು ಮಾತ್ರ ಮುಟ್ಟಬಾರದು. ಹೊಣೆಯ ಕೆಲಸಗಳಿಗೆ ಮಿತಿಯಿರಲಿಲ್ಲ, ಹಕ್ಕಿನ ಚಿಹ್ನೆಗಳಿಗೆ ಮಿತಿಯಿದ್ದಿತು ಎಂಬುದು ಈ ಐತಿಹ್ಯದ ತಾತ್ಪರ್ಯ.

೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ತೆಗೆದುಕೊಂಡನು. ಇಮ್ಮಡಿ ಕೆಂಪೇಗೌಡನು ಮಾಗಡಿಗೆ ಸರಿದು, ಸಾವನದುರ್ಗವನ್ನು ಆಶ್ರಯಿಸಿ ನಿಂತನು. ಅಂದಿನಿಂದ ತೊಂಬತ್ತು ವರ್ಷಗಳ ಕಾಲ ಮಾಗಡಿಯು ಈ ಮನೆತನದ ರಾಜಧಾನಿಯಾಗಿದ್ದಿತು. ಮಾಗಡಿಯ ಸೋಮೇಶ್ವರ ದೇವಾಲಯವೂ ಕೋಟೆಯೂ ಆ ಕಾಲದ ಸ್ಮಾರಕಗಳು. ಬೆಂಗಳೂರೆಂಬ ಪೇಟೆಯ ಆದಾಯ ಕೈತಪ್ಪಿದ ಮೇಲೆಯೂ ಮಾಗಡಿಯ ಸೀಮೆಯಲ್ಲಿ ನಾಡಪ್ರಭುವಿನ ಮಾತು ನಡೆಯುತ್ತಿದ್ದುದಕ್ಕೆ ಕಾರಣವನ್ನು ಅವನ ಸೈನ್ಯದಲ್ಲಿ ಮಾತ್ರ ಹುಡುಕಬಾರದು. ದೂರದ ಸುಲ್ತಾನನು ಕಪ್ಪವನ್ನು ಬಯಸಿದನೇ ಹೊರತು ಹಳ್ಳಿಯ ಜಗಳವನ್ನು ತೀರಿಸಲು ಬಯಸಲಿಲ್ಲ. ಆ ಜಗಳವನ್ನು ತೀರಿಸುವವನು ಮಾಗಡಿಯಲ್ಲಿದ್ದನು.

೩. ಮೈಸೂರಿನ ಅಮಲು

ಮೈಸೂರಿನ ಒಡೆಯರು ಈ ಇಬ್ಬರು ಪ್ರಭುಗಳನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನುಂಗಿದರು. ಚಾಮರಾಜ ಒಡೆಯನು ೧೬೩೦ರಲ್ಲಿ ಚನ್ನಪಟ್ಟಣವನ್ನು ಗೆದ್ದುಕೊಂಡನು. ೧೭೨೮ರಲ್ಲಿ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದು, ಆ ಮನೆತನದ ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣದ ಸೆರೆಗೆ ಕಳುಹಿಸಿದನು. ಅವನು ಅಲ್ಲಿಯೇ ಮೃತನಾದನು. ಹೀಗೆ ಪ್ರಭುಗಳು ಹೋದರು. ಆದರೆ ಅವರ ಕೆಳಗೆ ಇದ್ದ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದ ಆಯಗಾರರು ಹೋಗಲಿಲ್ಲ. ಕಣದಲ್ಲಿ ರಾಶಿಯಾದಾಗ ತಮ್ಮ ಪಾಲನ್ನು ಪಡೆಯುತ್ತ ಅವರು ಹಿಂದಿನಂತೆಯೇ ಕೆಲಸ ಮಾಡುತ್ತಿದ್ದರು.

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ರಾಜ್ಯದ ಕೈ ಇನ್ನೂ ಬಲವಾಯಿತು. ಟಿಪ್ಪುವು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ಈ ನಾಡಿನಲ್ಲಿ ರೇಷ್ಮೆ ಉದ್ಯಮಕ್ಕೆ ತಳಹದಿ ಹಾಕಿದ್ದನ್ನು ಮುಂದೆ ನೆನೆಯಬೇಕಾಗುತ್ತದೆ. ಅದೇ ರಾಜ್ಯವು ಯುದ್ಧಕಾಲದಲ್ಲಿ ಎಷ್ಟು ನಿಷ್ಠುರವಾಗಬಲ್ಲದೆಂಬುದಕ್ಕೆ ಕನಕಪುರವೇ ಸಾಕ್ಷಿ. ಶ್ರೀರಂಗಪಟ್ಟಣದತ್ತ ಸಾಗುತ್ತಿದ್ದ ಇಂಗ್ಲಿಷ್ ಸೈನ್ಯಕ್ಕೆ ಆಹಾರವೂ ನೆರಳೂ ದೊರಕಬಾರದೆಂದು, ಆಗ ಕಾನಕಾನಹಳ್ಳಿಯೆಂದು ಹೆಸರಾಗಿದ್ದ ಆ ಊರನ್ನು ಟಿಪ್ಪುವಿನ ಆಜ್ಞೆಯಂತೆ ಎರಡು ಬಾರಿ ಹಾಳುಗೆಡವಲಾಯಿತು. ೧೭೯೧ರ ಡಿಸೆಂಬರಿನಲ್ಲಿ ಸಾವನದುರ್ಗ, ರಾಮಗಿರಿಗಳು ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದುವು.

೧೭೯೯ರ ಅನಂತರ ದಿವಾನ್ ಪೂರ್ಣಯ್ಯನವರ ಆಡಳಿತ ಪ್ರಾರಂಭವಾಯಿತು. ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ನಡುವಣ ಹೆದ್ದಾರಿಯು ರಾಮಗಿರಿಯ ಹತ್ತಿರ ದಟ್ಟವಾದ ಕಾಡಿನಲ್ಲಿ ಹಾಯುತ್ತಿದ್ದಿತು. ಕಳ್ಳಕಾಕರ ಭಯವೂ ಹೆಚ್ಚಾಗಿದ್ದಿತು. ದಾರಿಯ ಭದ್ರತೆಗಾಗಿ ೧೮೦೦ರಲ್ಲಿ ಅವರು ಅಲ್ಲಿ ಒಂದು ಪೇಟೆಯನ್ನು ಸ್ಥಾಪಿಸಿ, ಅದಕ್ಕೆ ಬ್ರಿಟಿಷ್ ರೆಸಿಡೆಂಟನಾದ ಬ್ಯಾರಿ ಕ್ಲೋಸನ ಹೆಸರನ್ನಿಟ್ಟರು. ಕ್ಲೋಸ್‌ಪೇಟೆಯೇ ಸ್ವಾತಂತ್ರ್ಯಾನಂತರ ರಾಮನಗರವಾಯಿತು. ಪೇಟೆಯನ್ನು ಕಟ್ಟಿದವರು ಮೈಸೂರಿನ ದಿವಾನರು, ಹೆಸರು ಕಂಪನಿಯ ಅಧಿಕಾರಿಯದು. ಕೆಲಸ ಮಾಡುವವನೊಬ್ಬ, ಮೇಲೆ ನಿಂತು ನೋಡುವವನೊಬ್ಬ ಎಂಬ ಆ ಕಾಲದ ರಾಜ್ಯವ್ಯವಸ್ಥೆಯೇ ಒಂದು ಊರಿನ ಹೆಸರಿನಲ್ಲಿ ಮೂಡಿದೆಯೆನ್ನಬಹುದು.

ಪೂರ್ಣಯ್ಯನವರ ನಿವೃತ್ತಿಯ ಅನಂತರ ಬಳಕೆಗೆ ಬಂದ ಶರತ್ತಿನ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಈ ಪದ್ಧತಿಯಂತೆ ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಎತ್ತಿಕೊಡುವೆನೆಂದು ಸರ್ಕಾರಕ್ಕೆ ಕರಾರು ಬರೆದುಕೊಡುತ್ತಿದ್ದನು. ಕಡಮೆಯಾದರೆ ತಾನು ತುಂಬಿಕೊಡಬೇಕು. ಹೊರನೋಟಕ್ಕೆ ಅವನು ಸರ್ಕಾರಿ ಅಧಿಕಾರಿ. ಒಳಗೆ ನೋಡಿದರೆ ಕಂದಾಯದ ಗುತ್ತಿಗೆದಾರ. ರಾಜ್ಯವು ತನ್ನ ಹಕ್ಕನ್ನು ಹಣದ ರೂಪದಲ್ಲಿ ಮೊದಲೇ ಭದ್ರಪಡಿಸಿಕೊಂಡು, ಪ್ರಜೆಯ ಕ್ಷೇಮದ ಹೊಣೆಯನ್ನು ಕೈಬಿಟ್ಟ ಏರ್ಪಾಡು ಇದು. ಇದರಿಂದ ಬೆಳೆದ ಅಸಂತೋಷವು ೧೮೩೦ರಲ್ಲಿ ನಗರ ಸೀಮೆಯ ದಂಗೆಗೆ ಒಂದು ಮುಖ್ಯ ಕಾರಣವಾಯಿತು. ೧೮೩೧ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ರ ಕಾಲದಲ್ಲಿ ೭೬೯ ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದುವೆಂದು ರೈಸ್ ಅವರು ಲೆಕ್ಕ ಕೊಟ್ಟಿದ್ದಾರೆ. ಒಂದು ರಾಜ್ಯದಲ್ಲಿ ಇಷ್ಟು ಬಗೆಯ ತೆರಿಗೆಗಳಿದ್ದುವೆಂದರೆ, ತೆರಿಗೆ ಎತ್ತುವ ಹಕ್ಕು ಎಷ್ಟು ಕೈಗಳಲ್ಲಿ ಚೆದರಿಹೋಗಿದ್ದಿತೆಂಬುದನ್ನು ಊಹಿಸಬಹುದು.

೪. ಕೆರೆ, ಪಟೇಲ, ಪಂಚಾಯತಿ

ಹಕ್ಕು ಮತ್ತು ಹೊಣೆ ಬೇರೆಯಾಗುವ ಕ್ರಮವನ್ನು ಕೆರೆಯ ಚರಿತ್ರೆಯಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಾರದು. ಹಿಂದೆ ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ದುರಸ್ತಿ ಮಾಡಿಸಿದವನಿಗೆ ಅದರ ಕೆಳಗೆ ಕಟ್ಟುಕೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದರು. ಏರಿ ಒಡೆದರೆ ಆ ಗದ್ದೆಯೂ ಒಣಗುತ್ತಿದ್ದಿತು. ತೂಬನ್ನು ಎತ್ತಿ ಇಳಿಸುವ ನೀರುಗಂಟಿಗೆ ಬೆಳೆಯಲ್ಲಿ ಪಾಲು. ನೀರು ಸಮವಾಗಿ ಹಂಚದಿದ್ದರೆ ಕಣದಲ್ಲಿ ಅವನಿಗೆ ಮುಖವಿಲ್ಲ. ಹೀಗೆ ಲಾಭ ಮತ್ತು ಹೊಣೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದರು.

೧೮೫೬ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಅದರ ಎಂಜಿನಿಯರುಗಳು ಕೆರೆಗಳನ್ನು ಸಾಲುಸಾಲಾಗಿ ಅಳೆದು, ದುರಸ್ತಿಯ ಯೋಜನೆಗಳನ್ನು ಸಿದ್ಧಪಡಿಸಿದರು. ಇದರಿಂದ ದೊಡ್ಡ ಕೆರೆಗಳಿಗೆ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಲ್ಲುಗಾರೆಯ ಕೆಲಸ ಇಲಾಖೆಯದು, ಮಣ್ಣಿನ ಕೆಲಸ ರೈತರದು ಎಂಬ ವಿಭಾಗವಾದ ಮೇಲೆ, ತಮ್ಮದಲ್ಲದ ಕೆರೆಗೆ ತಾವೇಕೆ ಮಣ್ಣು ಹೊರಬೇಕೆಂಬ ಪ್ರಶ್ನೆ ರೈತರಲ್ಲಿ ಸಹಜವಾಗಿ ಮೂಡಿತು. ೧೯೧೧ರಲ್ಲಿ ಕೆರೆ ಪಂಚಾಯತಿಗಳಿಗಾಗಿ ಪ್ರತ್ಯೇಕ ರೆಗ್ಯುಲೇಷನ್ನು ಮಾಡಬೇಕಾದುದೇ ಹಳೆಯ ಕಟ್ಟು ಸಡಿಲಿತ್ತೆಂಬುದಕ್ಕೆ ಪ್ರಮಾಣ. ರೂಢಿಯಿಂದ ನಡೆಯುತ್ತಿದ್ದ ಕರ್ತವ್ಯವನ್ನು ಕಾನೂನಿನಿಂದ ನೆನಪಿಸಬೇಕಾಯಿತು. ಕಾನೂನು ನೆನಪಿಸಿತೇ ಹೊರತು ಹಳೆಯ ಕಟ್ಟನ್ನು ಬಿಗಿಯಲಾರದಾಯಿತು. ಇತ್ತೀಚಿನ ವ್ಯವಸ್ಥೆಯಲ್ಲಿ ನಲವತ್ತು ಹೆಕ್ಟೇರಿಗಿಂತ ಕಡಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಗಳಿಗೆ, ಅದಕ್ಕೆ ಮೇಲ್ಪಟ್ಟುದು ಸಣ್ಣ ನೀರಾವರಿ ಇಲಾಖೆಗೆ ಎಂಬ ಹಂಚಿಕೆಯಿದೆ. ಒಂದು ಕೆರೆಯ ಕೋಡಿಯ ನೀರು ಇನ್ನೊಂದು ಕೆರೆಯನ್ನು ತುಂಬುವ ಈ ಸೀಮೆಯಲ್ಲಿ ಕಾಗದದ ಮೇಲಿನ ಗೆರೆಯನ್ನು ನೀರು ಅರಿಯದು.

ಗ್ರಾಮಾಧಿಕಾರಿಗಳ ಕಥೆಯೂ ಇದೇ ಬಗೆಯದು. ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳು ೧೯೦೮ರ ರೆಗ್ಯುಲೇಷನ್ನಿನಿಂದ ಕ್ರಮಬದ್ಧವಾಗಿ, ೧೯೬೧ರ ಅಧಿನಿಯಮದಿಂದ ೧೯೬೩ರಲ್ಲಿ ಕೊನೆಗೊಂಡುವು. ಅವುಗಳ ಅಂತ್ಯಕ್ಕಾಗಿ ದುಃಖಿಸಬೇಕಾಗಿಲ್ಲ. ಪಟೇಲನ ಚಾವಡಿಯಲ್ಲಿ ಕೆಳಜಾತಿಯವರು ದೂರ ನಿಂತು ಮಾತನಾಡಬೇಕಾಗಿದ್ದಿತು. ಶಾನುಭೋಗನ ಕಡತದಲ್ಲಿ ಏನಿದೆಯೆಂಬುದು ಅಕ್ಷರ ಬಾರದ ರೈತನಿಗೆ ತಿಳಿಯುತ್ತಿರಲಿಲ್ಲ. ಆದರೆ ಅವರ ಸ್ಥಾನದಲ್ಲಿ ಬಂದ ಗ್ರಾಮಲೆಕ್ಕಿಗನು ವರ್ಗಾವಣೆಯಾಗುವ ನೌಕರ. ಜನ್ಮದಿಂದ ಬಂದ ಹಕ್ಕು ಹೋಯಿತು. ಅದರ ಜೊತೆಯಲ್ಲಿ, ಊರಿನಲ್ಲಿಯೇ ಬದುಕಿ ಸಾಯಬೇಕಾದವನಿಗೆ ಇರುತ್ತಿದ್ದ ಸಂಕೋಚವೂ ಹೋಯಿತು.

ಚುನಾಯಿತ ಸಂಸ್ಥೆಗಳು ಈ ತೆರವನ್ನು ತುಂಬಬೇಕಾಗಿದ್ದಿತು. ೧೯೦೨ರ ಲೋಕಲ್ ಬೋರ್ಡುಗಳ ರೆಗ್ಯುಲೇಷನ್ನು, ೧೯೧೮ ಮತ್ತು ೧೯೨೬ರ ಸುಧಾರಣೆಗಳು, ೧೯೫೯ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಬೋರ್ಡುಗಳ ಅಧಿನಿಯಮ ಇವು ಈ ದಾರಿಯ ಮೈಲಿಗಲ್ಲುಗಳು. ೧೯೫೯ರ ಅಧಿನಿಯಮದಲ್ಲಿ ತಾಲ್ಲೂಕು ಬೋರ್ಡಿಗೆ ಪ್ರಾಶಸ್ತ್ಯ ದೊರೆಯಿತು. ೧೯೮೩ರ ಅಧಿನಿಯಮವು ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯತಿಗಳನ್ನೂ ನಿರ್ಮಿಸಿತು. ೧೯೮೭ರಲ್ಲಿ ಚುನಾವಣೆಗಳು ನಡೆದುವು. ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ಈ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯಸಚಿವನ ದರ್ಜೆಯಿದ್ದಿತು. ಹಣವೂ ನೌಕರರೂ ಅಧಿಕಾರದೊಡನೆ ಕೆಳಗೆ ಇಳಿದ ಅಪರೂಪದ ಸಂದರ್ಭ ಅದು. ಸಂವಿಧಾನದ ೭೩ನೆಯ ತಿದ್ದುಪಡಿಗೆ ಅನುಸಾರವಾಗಿ ಬಂದ ೧೯೯೩ರ ಪಂಚಾಯತ್ ರಾಜ್ ಅಧಿನಿಯಮವು ಚುನಾವಣೆಗೂ ಮೀಸಲಾತಿಗೂ ಭದ್ರತೆಯನ್ನು ಕೊಟ್ಟಿತು. ಹಿಂದೆ ಚಾವಡಿಯ ಹೊರಗೆ ನಿಲ್ಲುತ್ತಿದ್ದ ಮನೆತನಗಳ ಗಂಡಸರೂ ಹೆಂಗಸರೂ ಪಂಚಾಯತಿಯ ಪೀಠದಲ್ಲಿ ಕುಳಿತರು. ಇದು ಈ ಸೀಮೆಯ ಸಾವಿರ ವರ್ಷಗಳ ಚರಿತ್ರೆಯಲ್ಲಿ ನಿಜವಾಗಿಯೂ ಹೊಸದು. ಮಳೂರಿನ ಮಹಾಸಭೆಯಲ್ಲಿ ಕನಸಿಗೂ ಬಾರದ ಸಂಗತಿ.

೫. ಗೂಡಿನ ಮಾರುಕಟ್ಟೆ

ಸರ್ಕಾರವು ಅಧಿಕಾರವನ್ನು ಮೇಲಕ್ಕೆ ಎಳೆದುಕೊಂಡಾಗಲೆಲ್ಲ ಹಳ್ಳಿಗೆ ಕೇಡಾಯಿತೆಂದು ಮೇಲಿನ ವಿವರಗಳಿಂದ ಯಾರಾದರೂ ತೀರ್ಮಾನಿಸಿದರೆ ಅದು ತಪ್ಪು. ರೇಷ್ಮೆಗೂಡಿನ ಮಾರುಕಟ್ಟೆಯ ಚರಿತ್ರೆ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಒದಗಿಸುತ್ತದೆ.

ಗೂಡು ಇತರ ಬೆಳೆಗಳಂತೆ ಕಾದಿಡತಕ್ಕ ಪದಾರ್ಥವಲ್ಲ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗುವುದಿಲ್ಲ. ಆದುದರಿಂದ ರಾಗಿಯನ್ನು ಹಗೇವಿನಲ್ಲಿ ತುಂಬಿ ಬೆಲೆಗಾಗಿ ಕಾಯುವ ರೈತನು ಗೂಡಿನ ವಿಷಯದಲ್ಲಿ ಕಾಯಲಾರನು. ಈ ಅವಸರವೇ ದಲ್ಲಾಳಿಯ ಬಲ. ಮುಂಗಡ ಕೊಟ್ಟು ರೈತನನ್ನು ಕಟ್ಟಿಹಾಕುವುದು, ಕಣ್ಣಂದಾಜಿನಲ್ಲಿ ಬೆಲೆ ಕಟ್ಟುವುದು, ತೂಕದಲ್ಲಿ ಕಳೆಯುವುದು, ಹಣವನ್ನು ಕಂತುಗಳಲ್ಲಿ ಕೊಡುವುದು ಇವು ಅವನ ಉಪಾಯಗಳು. ಹಳ್ಳಿಯ ಮಟ್ಟಿಗೆ ಬೆಲೆಯನ್ನು ನಿರ್ಣಯಿಸುವ, ವ್ಯಾಜ್ಯವನ್ನು ತೀರಿಸುವ, ಸಾಲವನ್ನು ವಸೂಲು ಮಾಡುವ ಅಧಿಕಾರ ಅವನಲ್ಲಿದ್ದಿತು. ಯಾವ ಸನ್ನದೂ ಇಲ್ಲದೆ ಆಳುತ್ತಿದ್ದ ಪ್ರಭು ಅವನು.

ಸರ್ಕಾರದ ಪ್ರವೇಶವು ಹಂತಹಂತವಾಗಿ ಆಯಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರವು ಇಟಲಿಯ ತಜ್ಞನಾದ ವಾಷಿಂಗ್‌ಟನ್ ಮಾರಿಯನ್ನು ಕರೆಸಿಕೊಂಡು ರೇಷ್ಮೆ ಇಲಾಖೆಗೆ ಬುನಾದಿ ಹಾಕಿತು. ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಸ್ಥಾಪಿತವಾಯಿತು. ಜಪಾನಿನ ಅಗ್ಗದ ರೇಷ್ಮೆ ದೇಶದೊಳಕ್ಕೆ ನುಗ್ಗಿದಾಗ ಮೈಸೂರು ಸರ್ಕಾರವೊಂದೇ ಏನನ್ನೂ ಮಾಡಲಾರದಾಯಿತು. ಸುಂಕದ ಹಕ್ಕು ದೆಹಲಿಯಲ್ಲಿದ್ದಿತು. ೧೯೩೪ರಲ್ಲಿ ಭಾರತ ಸರ್ಕಾರ ರಕ್ಷಣಾಸುಂಕವನ್ನು ವಿಧಿಸಿದ ಮೇಲೆಯೇ ಉಸಿರಾಡಲು ಅವಕಾಶವಾಯಿತು. ೧೯೪೮ರ ಅಧಿನಿಯಮದಿಂದ ಕೇಂದ್ರ ರೇಷ್ಮೆ ಮಂಡಲಿ ಹುಟ್ಟಿತು. ಕೊನೆಗೆ ೧೯೫೯ರ ಮೈಸೂರು ರೇಷ್ಮೆಹುಳು ಬಿತ್ತನೆ, ಗೂಡು ಮತ್ತು ರೇಷ್ಮೆ ನೂಲು ಅಧಿನಿಯಮವು ಬಿತ್ತನೆಯಿಂದ ನೂಲಿನವರೆಗೆ ಎಲ್ಲ ವ್ಯವಹಾರವನ್ನೂ ಲೈಸೆನ್ಸಿಗೆ ಒಳಪಡಿಸಿ, ಗೂಡಿನ ಮಾರಾಟವನ್ನು ನಿಯಂತ್ರಿತ ಮಾರುಕಟ್ಟೆಗೆ ಸೀಮಿತಗೊಳಿಸಿತು.

ಈ ಕಾನೂನಿನ ಫಲವಾಗಿ ರಾಮನಗರದ ಮಾರುಕಟ್ಟೆ ಬೆಳೆದು, ಏಷ್ಯದಲ್ಲಿಯೇ ಅತಿ ದೊಡ್ಡ ಗೂಡಿನ ಮಾರುಕಟ್ಟೆಯೆಂದು ಹೆಸರಾಯಿತು. ಗೂಡನ್ನು ತಂದ ರೈತನು ಬಹುಮಟ್ಟಿಗೆ ಒಕ್ಕಲಿಗ. ಕೊಳ್ಳುವ ನೂಲು ಬಿಚ್ಚಣಿಕೆದಾರನು ಬಹುಮಟ್ಟಿಗೆ ಪಟ್ಟಣದ ಮುಸಲ್ಮಾನ. ಇಬ್ಬರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಲ್ಲ. ಇಬ್ಬರ ನಡುವೆ ಸರ್ಕಾರದ ತಕ್ಕಡಿ, ಎಲ್ಲರ ಎದುರಿಗೆ ಹರಾಜು. ಇಲ್ಲಿ ಸರ್ಕಾರವು ಶುಲ್ಕವನ್ನು ಎತ್ತುವ ಹಕ್ಕನ್ನೂ, ತೂಕಕ್ಕೆ ಹಣಕ್ಕೆ ಉತ್ತರ ಹೇಳುವ ಹೊಣೆಯನ್ನೂ ಒಟ್ಟಿಗೆ ಹೊತ್ತುಕೊಂಡಿತು. ತೂಕದಲ್ಲಿ ಅನ್ಯಾಯವಾದರೆ ರೈತನು ಯಾರ ಬಾಗಿಲಿಗೆ ಹೋಗಬೇಕೆಂಬುದು ಅವನಿಗೆ ಗೊತ್ತಿದ್ದಿತು. ಈಚಿನ ವರ್ಷಗಳಲ್ಲಿ ಬಂದ ವಿದ್ಯುನ್ಮಾನ ಹರಾಜಿನ ವ್ಯವಸ್ಥೆಯೂ ಇದೇ ತತ್ತ್ವದ ಮುಂದುವರಿಕೆ.

ಆದರೆ ಮಾರುಕಟ್ಟೆಯ ಗೋಡೆಯೊಳಗೆ ರಾಜ್ಯವು ಎಷ್ಟೇ ನ್ಯಾಯವಾಗಿ ನಡೆದುಕೊಂಡರೂ ಬೆಲೆಯ ಬೇರು ಗೋಡೆಯ ಹೊರಗಿದೆ. ೧೯೭೯ರಲ್ಲಿ ಬೆಲೆಯನ್ನು ಆದಷ್ಟು ಸ್ಥಿರಗೊಳಿಸಲು ಕರ್ನಾಟಕ ರೇಷ್ಮೆ ಮಾರಾಟ ಮಂಡಲಿ ರಚಿತವಾಯಿತು. ೧೯೮೦ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆ ಬಂದಿತು. ೨೦೧೧ರ ಕೇಂದ್ರ ಆಯವ್ಯಯದಲ್ಲಿ 'ಕಚ್ಚಾ ರೇಷ್ಮೆ'ಯ ಆಮದು ಸುಂಕವು ಶೇಕಡ ೩೦ರಿಂದ ಶೇಕಡ ೫ಕ್ಕೆ ಇಳಿಯಿತು. ಚೀಣದ ಅಗ್ಗದ ನೂಲಿನ ಎದುರಿಗೆ ಗೂಡಿನ ಬೆಲೆ ಕುಸಿದಾಗ ರೈತರು ಬೀದಿಗಿಳಿದರು. ಅವರು ಮುತ್ತಿಗೆ ಹಾಕಿದುದು ರಾಮನಗರದ ಹೆದ್ದಾರಿಗೆ, ತೀರ್ಮಾನವಾದುದು ದೆಹಲಿಯಲ್ಲಿ. ೧೯೩೪ರಲ್ಲಿ ರಕ್ಷಣೆ ಬಂದ ದಿಕ್ಕಿನಿಂದಲೇ ೨೦೧೧ರಲ್ಲಿ ಕಷ್ಟವೂ ಬಂದಿತು.

೬. ನಗರದ ನೆರಳು

ಈ ಸೀಮೆಯ ಮೇಲೆ ಅಧಿಕಾರ ನಡೆಸುವ ಇನ್ನೊಂದು ಶಕ್ತಿ ಬೆಂಗಳೂರು ನಗರ. ನಗರವು ಕಾನೂನಿನ ದೃಷ್ಟಿಯಲ್ಲಿ ಈ ತಾಲ್ಲೂಕುಗಳ ಒಡೆಯನಲ್ಲ. ಆದರೂ ನೀರಿನ ಮೂಲಕ ಅದು ಇಲ್ಲಿ ಆಳುತ್ತದೆ. ೧೯೩೩ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರವು ನದಿಯ ಮೇಲ್ಭಾಗದ ನೀರನ್ನು ನಗರದ ಬಾಯಾರಿಕೆಗೆ ಮೀಸಲುಮಾಡಿತು. ೧೯೬೪ರಲ್ಲಿ ನಗರಕ್ಕಾಗಿ ಪ್ರತ್ಯೇಕ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿ ಸ್ಥಾಪಿತವಾಯಿತು. ೧೯೭೪ರಿಂದ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯ ಪಂಪುಮನೆಯನ್ನು ದಾಟಿ, ಕನಕಪುರ ಸೀಮೆಯ ಹೊಲಗಳ ಪಕ್ಕದಲ್ಲಿ ಕೊಳವೆಗಳೊಳಗೆ ಹರಿದುಹೋಗುತ್ತಿದೆ. ಕನಕಪುರದ ದಕ್ಷಿಣದ ಅಂಚಿನಲ್ಲಿರುವ ಮೇಕೆದಾಟಿನ ಅಣೆಕಟ್ಟಿನ ಪ್ರಶ್ನೆಯಂತೂ ತಾಲ್ಲೂಕು, ಜಿಲ್ಲೆ, ರಾಜ್ಯ ಇವೆಲ್ಲವನ್ನೂ ದಾಟಿ, ಸರ್ವೋನ್ನತ ನ್ಯಾಯಾಲಯದ ೨೦೧೮ರ ತೀರ್ಪು ಮತ್ತು ಅದರಂತೆ ರಚಿತವಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದವರೆಗೆ ಏರಿದೆ.

ನಗರವು ಒಳ್ಳೆಯ ನೀರನ್ನು ಕೊಂಡೊಯ್ಯುತ್ತದೆ. ಕೊಳಕು ನೀರನ್ನು ಕಳುಹಿಸುತ್ತದೆ. ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿಯು ನಗರದ ಒಳಚರಂಡಿಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತುಕೊಂಡು ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ಸೇರುತ್ತದೆ. ಆ ಕೆರೆಯ ಅಚ್ಚುಕಟ್ಟಿನ ರೈತನು ನೊರೆಗಟ್ಟಿದ ನೀರನ್ನು ಹೊಲಕ್ಕೆ ಹಾಯಿಸಬೇಕಾಗಿದೆ. ಕೊಳಚೆಯನ್ನು ಬಿಟ್ಟವರು ನಗರದವರು, ಚರಂಡಿ ನೋಡಿಕೊಳ್ಳುವುದು ನಗರದ ಮಂಡಲಿ, ಮಾಲಿನ್ಯವನ್ನು ಅಳೆಯುವುದು ಇನ್ನೊಂದು ಮಂಡಲಿ, ಕಾಲುವೆ ನೀರಾವರಿಯವರದು, ರೋಗ ಬಂದರೆ ಆರೋಗ್ಯ ಇಲಾಖೆಯದು. ರೈತನು ಮತ ಹಾಕಿ ಆರಿಸಿದ ಗ್ರಾಮ ಪಂಚಾಯತಿಗೆ ಇವುಗಳಲ್ಲಿ ಯಾವುದರ ಮೇಲೆಯೂ ಅಧಿಕಾರವಿಲ್ಲ. ನೀರುಗಂಟಿಯ ಕಾಲದಲ್ಲಿ ಒಬ್ಬನೇ ಹೊತ್ತಿದ್ದ ಹೊಣೆ ಇಂದು ಐದು ಕಚೇರಿಗಳಲ್ಲಿ ಹಂಚಿಹೋಗಿ ಎಲ್ಲಿಯೂ ಇಲ್ಲದಂತಾಗಿದೆ.

ಖಾಸಗಿ ಬಂಡವಾಳವೂ ಇದೇ ಕಾಲದಲ್ಲಿ ಆಡಳಿತದ ಕ್ಷೇತ್ರಕ್ಕೆ ಕಾಲಿಟ್ಟಿತು. ೧೯೯೭ರಲ್ಲಿ ಬೆಂಗಳೂರು ಮೈಸೂರು ಮೂಲಸೌಕರ್ಯ ಕಾರಿಡಾರಿಗಾಗಿ ರಾಜ್ಯ ಸರ್ಕಾರವು ಒಂದು ಖಾಸಗಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ರಸ್ತೆಯನ್ನು ನಿರ್ಮಿಸುವುದರ ಜೊತೆಗೆ ದಾರಿಯಲ್ಲಿ ಉಪನಗರಗಳನ್ನು ಕಟ್ಟುವುದೂ ಆ ಒಪ್ಪಂದದಲ್ಲಿ ಸೇರಿದ್ದಿತು. ೨೦೦೬ರಲ್ಲಿ ಸರ್ವೋನ್ನತ ನ್ಯಾಯಾಲಯವು ಯೋಜನೆಯನ್ನು ಎತ್ತಿಹಿಡಿಯಿತು. ಭೂಮಿಯನ್ನು ವಶಪಡಿಸಿಕೊಳ್ಳುವ ಸಾರ್ವಭೌಮ ಹಕ್ಕು ಸರ್ಕಾರದಲ್ಲಿಯೇ ಉಳಿದು, ಆ ಭೂಮಿಯ ಮೇಲೆ ಊರನ್ನು ರೂಪಿಸುವ ಕಾರ್ಯ ಕಂಪನಿಗೆ ಹೋಯಿತು. ಭೂಮಿ ಕಳೆದುಕೊಂಡವನ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರೆಂಬುದು ಒಪ್ಪಂದದ ಭಾಷೆಯಲ್ಲಿ ಸ್ಪಷ್ಟವಾಗಿರಬಹುದು. ಹಳ್ಳಿಯಲ್ಲಿ ಅದು ಸ್ಪಷ್ಟವಾಗಿಲ್ಲ. ಸರ್ಕಾರೇತರ ಅಧಿಕಾರವೆಲ್ಲವೂ ಇದೇ ಬಗೆಯದೆಂದು ಭಾವಿಸಬೇಕಾಗಿಲ್ಲ. ಸೀಮೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಹಾಲನ್ನು ಅಳೆದುಕೊಳ್ಳುವ ಹಾಲು ಉತ್ಪಾದಕರ ಸಹಕಾರ ಸಂಘಗಳೂ ಸರ್ಕಾರಿ ಕಚೇರಿಗಳಲ್ಲ. ಕನಕಪುರದಲ್ಲಿ ಎಸ್. ಕರಿಯಪ್ಪನವರು ಕಟ್ಟಿದ ಗ್ರಾಮಾಂತರ ವಿದ್ಯಾಸಂಸ್ಥೆಯೂ ಸರ್ಕಾರದ್ದಲ್ಲ. ಹಾಲು ಹಾಕುವವರೇ ಸಂಘದ ಸದಸ್ಯರಾಗಿರುವಲ್ಲಿ, ಲೆಕ್ಕ ಕೇಳುವವನೂ ಲೆಕ್ಕ ಕೊಡುವವನೂ ಒಂದೇ ಬೀದಿಯಲ್ಲಿ ಎದುರಾಗುತ್ತಾರೆ.

ಜಿಲ್ಲೆಯ ಗಡಿಗಳೂ ಈ ಅವಧಿಯಲ್ಲಿ ಮತ್ತೆ ಮತ್ತೆ ಬದಲಾದುವು. ೧೯೮೬ರಲ್ಲಿ ಬೆಂಗಳೂರು ಜಿಲ್ಲೆ ಇಬ್ಭಾಗವಾದಾಗ ನಾಲ್ಕು ತಾಲ್ಲೂಕುಗಳೂ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದುವು. ೨೦೦೭ರ ಆಗಸ್ಟಿನಲ್ಲಿ ಅವು ಬೇರ್ಪಟ್ಟು ರಾಮನಗರ ಜಿಲ್ಲೆಯಾದುವು. ಜಿಲ್ಲಾ ಕೇಂದ್ರವು ಹತ್ತಿರವಾದುದರಿಂದ ರೈತನ ಒಂದು ದಿನದ ಪ್ರಯಾಣ ಉಳಿಯಿತೆಂಬುದು ಸಣ್ಣ ಲಾಭವಲ್ಲ. ೨೦೨೫ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟವು ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ತೀರ್ಮಾನಿಸಿತು. ರಾಮನಗರವೇ ಕೇಂದ್ರವಾಗಿ ಉಳಿಯಿತು.

೭. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಒಂದು ಸಂಗತಿ ವಿಶದವಾಗುತ್ತದೆ. ಅಧಿಕಾರವು ಮೇಲಿರಬೇಕೋ ಕೆಳಗಿರಬೇಕೋ, ಸರ್ಕಾರದಲ್ಲಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಉತ್ತರವನ್ನು ಈ ಸೀಮೆಯ ಚರಿತ್ರೆ ಕೊಡುವುದಿಲ್ಲ. ಕೆರೆಯನ್ನು ಇಲಾಖೆ ಮೇಲಕ್ಕೆ ಎಳೆದುಕೊಂಡಾಗ ಹಾನಿಯಾಯಿತು. ಗೂಡಿನ ತಕ್ಕಡಿಯನ್ನು ಇಲಾಖೆ ತನ್ನ ಕೈಗೆ ತೆಗೆದುಕೊಂಡಾಗ ಹಿತವಾಯಿತು. ದಲ್ಲಾಳಿಯೂ ಸರ್ಕಾರೇತರನೇ, ಹಾಲಿನ ಸಂಘವೂ ಸರ್ಕಾರೇತರವೇ. ಭೇದವಿರುವುದು ಮಟ್ಟದಲ್ಲಿ ಅಲ್ಲ. ಹಕ್ಕು ಹೋದಲ್ಲಿಗೆ ಹೊಣೆಯೂ ಹೋಯಿತೇ ಎಂಬುದರಲ್ಲಿ. ಶರತ್ತಿನ ಅಮಲ್ದಾರನಲ್ಲಿ ಹಕ್ಕಿದ್ದು ಹೊಣೆಯಿರಲಿಲ್ಲ. ಬೈರಮಂಗಲದ ಪಂಚಾಯತಿಯ ಮೇಲೆ ಜನರು ಹೊಣೆ ಹೊರಿಸುತ್ತಾರೆ, ಅದರ ಬಳಿ ಹಕ್ಕಿಲ್ಲ. ಎರಡೂ ಸಂದರ್ಭಗಳಲ್ಲಿ ನಷ್ಟಕ್ಕೆ ಒಳಗಾದವನು ರೈತನೇ.

ಸ್ಥಳೀಯ ಚರಿತ್ರೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಕೆರೆಯನ್ನೋ ಒಂದು ಸಂತೆಯನ್ನೋ ಆರಿಸಿಕೊಂಡು, ಅದರ ಆದಾಯ ಯಾವ ಕಾಲದಲ್ಲಿ ಯಾರಿಗೆ ಹೋಯಿತು, ಅದು ಕೆಟ್ಟಾಗ ಯಾರು ಬಂದು ನಿಂತರು ಎಂಬ ಎರಡು ಪ್ರಶ್ನೆಗಳನ್ನು ಜೊತೆಯಾಗಿ ಕೇಳಿ ನೋಡಬೇಕು. ಕಾನೂನುಗಳ ಪಟ್ಟಿಯಿಂದ ತಿಳಿಯದ ಎಷ್ಟೋ ವಿಷಯಗಳು ಆ ಉತ್ತರಗಳಿಂದ ತಿಳಿಯುತ್ತವೆ.

೧೬೩೮ರಲ್ಲಿ ಬೆಂಗಳೂರನ್ನು ಕಳೆದುಕೊಂಡ ನಾಡಪ್ರಭುವು ಮಾಗಡಿಗೆ ಬಂದು ನೆಲೆಸಿದನು. ಸುಮಾರು ನಾಲ್ಕು ಶತಮಾನಗಳು ಕಳೆದ ಮೇಲೆ ಬೆಂಗಳೂರಿನ ಹೆಸರೇ ಮಾಗಡಿಯನ್ನು ಹುಡುಕಿಕೊಂಡು ಬಂದಿದೆ. ಹೆಸರು ಬಂದುದು ಸುಲಭ. ಕೊಂಡೊಯ್ದ ನೀರಿಗೂ ಕಳುಹಿಸಿದ ಕೊಳಚೆಗೂ ಲೆಕ್ಕ ಹೇಳುವ ಹೊಣೆ ಅದರ ಹಿಂದೆ ಬರುವುದೋ ಇಲ್ಲವೋ ಎಂಬುದನ್ನು ಮುಂದಿನ ಚರಿತ್ರಕಾರನು ಬರೆಯಬೇಕಾಗಿದೆ.